ಕಳ್ಳಬೇಟೆ, ಅಕ್ರಮ ಮೀನುಗಾರಿಕೆ ಕಂಡಾಗ ದೂರು ಕೊಡುವ ಕ್ರಮ: ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಕಾಫಿ ತೋಟದ ಬೇಲಿಯಂಚಿನಲ್ಲಿ ನಡೆಯುತ್ತಿದ್ದಾಗ ಬೈಕಿನ ಕ್ಲಚ್ ಕೇಬಲ್ಲಿನಿಂದ ಮಾಡಿದ ಉರುಳೊಂದು ನನ್ನ ಕಣ್ಣಿಗೆ ಬಿತ್ತು. ಕಾಡುಹಂದಿ ನುಸುಳುವ ಕಂಡಿಯಲ್ಲಿ, ನೆಲದಿಂದ ಮೊಳದೆತ್ತರದಲ್ಲಿ, ಎರಡು ಕವೆಕಡ್ಡಿಗಳ ಆಸರೆಯಲ್ಲಿ ಅದು ಬಾಯ್ತೆರೆದು ನಿಂತಿತ್ತು. ಇನ್ನೊಂದು ತುದಿಯನ್ನು ಸಿಲ್ವರ್ ಓಕ್ ಮರದ ಬುಡಕ್ಕೆ ಎರಡು ಸುತ್ತು ಸುತ್ತಿ ಬಿಗಿದಿದ್ದರು. ನಾನು ಸಿಟ್ಟಿನಲ್ಲಿ ಅದನ್ನು ಕಿತ್ತು ಮನೆಗೆ ತಂದು, ಮರುದಿನ ಸಾವಕಾಶವಾಗಿ ಅರಣ್ಯ ಇಲಾಖೆಯ ಗಾರ್ಡಿಗೆ ತೋರಿಸಿದೆ. ಅವರು ಕೇಬಲ್ಲನ್ನು ಒಮ್ಮೆ ತಿರುಗಿಸಿ ನೋಡಿ, "ಇದು ಎಲ್ಲಿತ್ತು, ಹೇಗಿತ್ತು ಅಂತ ನಾನು ಮಹಜರಿನಲ್ಲಿ ಏನು ಬರೆಯಲಿ ಸಾರ್?" ಎಂದು ಕೇಳಿದರು. ನನ್ನಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಬೆಳಗಿನ ಜಾವ ಉರುಳು ನೋಡಲು ಬರುವವನನ್ನು ಕಾದು ಹಿಡಿಯುವ ಅವಕಾಶವನ್ನೂ ನಾನೇ ಕಳೆದಿದ್ದೆ.

ಈ ಮಾರ್ಗದರ್ಶಿಯನ್ನು ಕರ್ನಾಟಕದ ಕಾಡಂಚಿನ ಊರುಗಳಲ್ಲಿ, ಹೊಳೆ ಮತ್ತು ಜಲಾಶಯಗಳ ದಂಡೆಯಲ್ಲಿ, ಕರಾವಳಿಯಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಂಡದ್ದನ್ನು ಕೆಡಿಸದೆ, ತಡಮಾಡದೆ, ಸರಿಯಾದವರ ಕಿವಿಗೆ ಮುಟ್ಟಿಸುವುದಷ್ಟೇ ನಮ್ಮ ಪಾಲಿನ ಕೆಲಸ. ಶೋಧಿಸುವುದು, ವಶಪಡಿಸಿಕೊಳ್ಳುವುದು, ಬಂಧಿಸುವುದು ಇಲಾಖೆಯ ಕೆಲಸ. ಈ ಗೆರೆಯನ್ನು ದಾಟಿದಾಗಲೇ ಹೆಚ್ಚಿನ ದೂರುಗಳು ಹಾಳಾಗುತ್ತವೆ.

ಮೊದಲು, ಅಪರಾಧ ಯಾವುದೆಂದು ತಿಳಿದಿರಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಮಾತಿಗೆ ನಾವು ದಿನನಿತ್ಯ ಕೊಡುವ ಅರ್ಥಕ್ಕಿಂತ ಬಹಳ ವಿಸ್ತಾರವಾದ ಅರ್ಥವಿದೆ. ಕೊಲ್ಲುವುದು ಮಾತ್ರವಲ್ಲ, ಉರುಳು ಹಾಕುವುದು, ಬಲೆ ಒಡ್ಡುವುದು, ವಿಷವಿಡುವುದು, ಅಟ್ಟಿಸಿಕೊಂಡು ಹೋಗುವುದು, ಆಮಿಷವಿಟ್ಟು ಸೆಳೆಯುವುದು, ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆ ಅಥವಾ ಗೂಡನ್ನು ಕೆಡಿಸುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಆದ್ದರಿಂದ "ಪ್ರಾಣಿ ಸತ್ತಿಲ್ಲವಲ್ಲ, ಏನೆಂದು ದೂರು ಕೊಡುವುದು?" ಎಂದು ಹಿಂಜರಿಯಬೇಕಾಗಿಲ್ಲ, ಖಾಲಿ ಉರುಳೂ ಪ್ರಕರಣವಾಗುತ್ತದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ರೂಪದಲ್ಲಿ ಪ್ರಾಣಿಗಳನ್ನು ಮುಖ್ಯವಾಗಿ ಎರಡು ಅನುಸೂಚಿಗಳಲ್ಲಿ ಹಂಚಲಾಗಿದೆ. ಹುಲಿ, ಆನೆ, ಚಿರತೆ, ಕಾಡುಕೋಣ, ಚಿಪ್ಪುಹಂದಿ, ನವಿಲು, ಉಡ ಮೊದಲಾದವು ಮೊದಲನೆಯದರಲ್ಲಿವೆ. ಇವುಗಳ ಬೇಟೆಗೆ, ಹಾಗೆಯೇ ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗಿನ ಯಾವುದೇ ಬೇಟೆಗೆ, 3ರಿಂದ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ಉಳಿದ ಬಹುತೇಕ ಅಪರಾಧಗಳಿಗೆ 3 ವರ್ಷದವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಕಾಡುಹಂದಿ ಮತ್ತು ಮೊಲ ಎರಡನೆಯ ಅನುಸೂಚಿಯಲ್ಲಿವೆ. ಯುಗಾದಿಯ ಮರುದಿನ ಕೋಲು, ನಾಯಿ ಹಿಡಿದು ಹೊರಡುವ ಮೊಲದ ಬೇಟೆಗೆ ಹಬ್ಬದ ಹೆಸರಿದ್ದರೂ ಕಾನೂನಿನ ರಿಯಾಯಿತಿ ಇಲ್ಲ.

ಅಪರಾಧವಲ್ಲದ್ದನ್ನೂ ತಿಳಿದಿರಬೇಕು. ಪ್ರಾಣಾಪಾಯದಲ್ಲಿ ಆತ್ಮರಕ್ಷಣೆಗಾಗಿ, ಸದುದ್ದೇಶದಿಂದ ಪ್ರಾಣಿಯನ್ನು ಗಾಯಗೊಳಿಸಿದರೆ ಅಥವಾ ಕೊಂದರೆ ಅದು ಅಪರಾಧವಲ್ಲ. ಬೆಳೆ ನಾಶಮಾಡುವ ಎರಡನೆಯ ಅನುಸೂಚಿಯ ಪ್ರಾಣಿಯ ಬೇಟೆಗೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಅನುಮತಿ ಕೊಡಬಹುದು. ಅಂಥ ಕಾಗದವಿದೆಯೇ ಎಂಬುದನ್ನು ಇಲಾಖೆಯವರು ಪರಿಶೀಲಿಸುತ್ತಾರೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದರಿಂದ, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಮನೆಯಲ್ಲಿ ಕೋವಿಗೆ ಪೂಜೆ ನಡೆದರೆ ಅದು ದೂರಿನ ವಿಷಯವಲ್ಲ. ಆದರೆ ಕೋವಿ ಇಟ್ಟುಕೊಳ್ಳುವ ಹಕ್ಕು ಕಡವೆಯನ್ನು ಹೊಡೆಯುವ ಹಕ್ಕಲ್ಲ. ಜೇನುಕುರುಬರು, ಸೋಲಿಗರು ಕಾಡಿನಿಂದ ಏನೋ ಹೊತ್ತು ತರುತ್ತಿದ್ದಾರೆಂದ ಮಾತ್ರಕ್ಕೆ ಫೋನ್ ಎತ್ತುವವರನ್ನೂ ಕಂಡಿದ್ದೇನೆ. 2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಮತ್ತು ಜಲಮೂಲಗಳ ಮೀನಿನ ಮೇಲೆ ಹಕ್ಕು ಕೊಡುತ್ತದೆ. ಬೇಟೆಯನ್ನಷ್ಟೇ ಅದು ಹೊರಗಿಟ್ಟಿದೆ. ಜೇನಿನ ಡಬ್ಬಿಗೂ ಉರುಳಿಗೂ ವ್ಯತ್ಯಾಸ ಗೊತ್ತಿಲ್ಲದವರು ದೂರು ಕೊಡದಿರುವುದೇ ಲೇಸು.

ಯಾರಿಗೆ ಹೇಳಬೇಕು

ನಮ್ಮಲ್ಲಿ ಪ್ರತಿ ಊರೂ ಅರಣ್ಯ ಇಲಾಖೆಯ ಒಂದಲ್ಲ ಒಂದು ಗಸ್ತಿಗೆ ಸೇರಿರುತ್ತದೆ. ಗಸ್ತು ಅರಣ್ಯ ಪಾಲಕ, ಅವರ ಮೇಲೆ ಉಪ ವಲಯ ಅರಣ್ಯಾಧಿಕಾರಿ, ಅವರ ಮೇಲೆ ವಲಯ ಅರಣ್ಯಾಧಿಕಾರಿ. ಜನರ ಬಾಯಲ್ಲಿ ಗಾರ್ಡ್, ಫಾರೆಸ್ಟರ್, ರೇಂಜರ್. ಈ ಮೂವರ ಮೊಬೈಲ್ ಸಂಖ್ಯೆ ಇಂದೇ ನಿಮ್ಮ ಫೋನಿನಲ್ಲಿರಲಿ, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಈಡಿನ, ಅಂದರೆ ಕೋವಿಯ ಗುಂಡಿನ, ಸದ್ದು ಕೇಳಿದ ಮೇಲೆ ಹುಡುಕುತ್ತ ಕುಳಿತರೆ ಬೇಟೆಗಾರರು ಊಟ ಮುಗಿಸಿ ಮಲಗಿರುತ್ತಾರೆ. ಸಂಖ್ಯೆ ಇಲ್ಲದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬಂದೂಕು, ಸಿಡಿಮದ್ದು ಇರುವಲ್ಲಿ ಅಥವಾ ಜನರ ಜೀವಕ್ಕೆ ಅಪಾಯವಿರುವಲ್ಲಿ 112ಕ್ಕೂ ಕರೆ ಹೋಗಲಿ. ಹುಲಿ ಉಗುರು, ಆನೆ ದಂತ, ಚಿಪ್ಪುಹಂದಿಯ ಚಿಪ್ಪು, ನಕ್ಷತ್ರ ಆಮೆ ಮುಂತಾದವುಗಳ ಅಂತರರಾಜ್ಯ ಸಾಗಣೆಯ ಸುಳಿವಿದ್ದರೆ ದೆಹಲಿಯಲ್ಲಿ ಕೇಂದ್ರ ಕಚೇರಿಯಿರುವ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋಗೂ ತಿಳಿಸಬಹುದು.

ಬೇಲಿಗೆ ನೇರವಾಗಿ ಲೈನಿನಿಂದ ವಿದ್ಯುತ್ ಹರಿಸಿರುವುದು ಕಂಡರೆ ಮೊದಲ ಕರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಹೋಗಬೇಕು, ಅದರ ಬೆನ್ನಿಗೇ ಅರಣ್ಯ ಇಲಾಖೆಗೆ. ಅಂಥ ತಂತಿ ಆನೆಯನ್ನು ಕೊಲ್ಲುವಷ್ಟೇ ಸುಲಭವಾಗಿ ಬೆಳಿಗ್ಗೆ ಹುಲ್ಲು ಕೊಯ್ಯಲು ಬಂದವರನ್ನೂ ಕೊಲ್ಲುತ್ತದೆ. ತಂತಿಯನ್ನು ಕೋಲಿನಿಂದ ಸರಿಸುವ ಪ್ರಯತ್ನ ಬೇಡವೇ ಬೇಡ.

ಕರೆಯಲ್ಲಿ ಏನು ಹೇಳಬೇಕು

ಕರೆ ಚಿಕ್ಕದಾಗಿರಲಿ, ಆದರೆ ಸ್ಥಳ ಖಚಿತವಾಗಿರಲಿ. "ನಮ್ಮೂರ ಕಾಡಿನಲ್ಲಿ ಬೇಟೆ ಆಗ್ತಾ ಇದೆ" ಎಂದರೆ ಯಾರೂ ಎಲ್ಲಿಗೂ ಹೋಗಲಾರರು. ಗಸ್ತಿನವರಿಗೆ ಬೇಕಾಗುವುದು ಇಂಥ ಮಾತು: "ಹಳೇ ಪಂಪ್‌ಹೌಸಿನಿಂದ ಮೇಲಕ್ಕೆ ಹೋಗುವ ಜೀಪು ದಾರಿಯಲ್ಲಿ, ಎರಡನೇ ಮೋರಿ ದಾಟಿದ ಮೇಲೆ ಎಡಗಡೆಯ ಹಡ್ಲುಗದ್ದೆ, ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಒಂದು ಈಡು, ಐದು ನಿಮಿಷ ಬಿಟ್ಟು ಇನ್ನೊಂದು, ತಲೆಗೆ ಕಟ್ಟಿದ ಬ್ಯಾಟರಿ ಬೆಳಕು ಮೂರು, ಕೆಳಗೆ ರಸ್ತೆ ಬದಿ ಬಿಳಿ ಪಿಕಪ್ ನಿಂತಿದೆ, ನಂಬರಿನ ಕೊನೆಯ ನಾಲ್ಕು ಅಂಕಿ ಇಷ್ಟು." ಇದರ ಜೊತೆಗೆ, ಅದು ಈಗ ನಡೆಯುತ್ತಿದೆಯೇ ಮುಗಿದಿದೆಯೇ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಬೇಕು, ಏಕೆಂದರೆ ಅವರು ಬರುವ ರೀತಿ, ತರುವ ಜನ, ದೀಪ ಹಾಕಿಕೊಂಡು ಬರಬೇಕೋ ಆರಿಸಿಕೊಂಡೋ ಎಂಬುದೆಲ್ಲ ಅದನ್ನೇ ಅವಲಂಬಿಸಿದೆ. ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಬೇಡಿ. "ಮೂಟೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು" ಎಂಬುದು ಕಂಡದ್ದು. "ಕಡವೆ ಹೊಡೆದಿದ್ದಾರೆ" ಎಂಬುದು ಊಹೆ. ವಶಪಡಿಸಿಕೊಂಡ ಮಾಂಸ ಬೆಂದದ್ದಾದರೂ ಎಷ್ಟೋ ಬಾರಿ ಡಿಎನ್‌ಎ ಪರೀಕ್ಷೆಯಿಂದ ಪ್ರಾಣಿ ಯಾವುದೆಂದು ತಿಳಿದುಬರುತ್ತದೆ. ಅದನ್ನು ತೀರ್ಮಾನಿಸುವ ಹೊರೆ ನಮ್ಮದಲ್ಲ.

ಮಾತು ಮುಗಿದ ಮೇಲೆ ಮಾತನಾಡಿದವರ ಹೆಸರು, ಹುದ್ದೆ ಕೇಳಿ, ಸಮಯದ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ಅದೇ ವಿವರವನ್ನು ಎರಡು ಸಾಲಿನ ಸಂದೇಶವಾಗಿ, ಮ್ಯಾಪಿನ ಸ್ಥಳ ಸೂಚನೆಯೊಡನೆ ಕಳುಹಿಸಿ. ಕರೆ ಮಾತ್ರವಾದರೆ ಅದರ ಗುರುತು ಎಲ್ಲೂ ಉಳಿಯುವುದಿಲ್ಲ.

ಅಧಿಕಾರಿಗಳು ಬರುವವರೆಗೆ

ಹಿಂಬಾಲಿಸಬೇಡಿ, ಕೂಗಬೇಡಿ, ಟಾರ್ಚ್ ಬಿಡಬೇಡಿ. ಎದುರಿಗಿರುವವರ ಕೈಯಲ್ಲಿ ತುಂಬಿದ ಕೋವಿಯಿದೆ, ಅವರು ನಿಮ್ಮನ್ನು ಪ್ರಾಣಿಯೆಂದು ಭಾವಿಸುವ ಸಾಧ್ಯತೆಯೂ ಇದೆ. ಅಭಯಾರಣ್ಯದ ಗಡಿಯೊಳಗೆ ಅನುಮತಿಯಿಲ್ಲದೆ ಸಾಕ್ಷ್ಯ ಹುಡುಕಲು ಹೋದರೆ ಅತಿಕ್ರಮ ಪ್ರವೇಶದ ಅಪರಾಧ ನಿಮ್ಮ ಮೇಲೆಯೇ ಬರುತ್ತದೆ, ನಾಳೆ ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ.

ಸುರಕ್ಷಿತ ಜಾಗದಿಂದ ಸಾಧ್ಯವಾದರೆ ಮಾತ್ರ ಫೋಟೋ ತೆಗೆಯಿರಿ. ಮೊದಲು ಸುತ್ತಲಿನ ಜಾಗ ಗುರುತಿಸುವಂತೆ ದೂರದ ಚಿತ್ರ, ಆಮೇಲೆ ವಸ್ತುವಿನ ಹತ್ತಿರದ ಚಿತ್ರ. ಉರುಳಿನ ಪಕ್ಕ ಪೆನ್ನನ್ನೋ ಚಪ್ಪಲಿಯನ್ನೋ ಇಟ್ಟರೆ ಅಳತೆ ತಿಳಿಯುತ್ತದೆ. ಫೋನಿನಲ್ಲಿ ಸ್ಥಳದ ಗುರುತು ಚಾಲ್ತಿಯಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವನ್ನು ಫೋಟೋ ಆಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಅದರೊಳಗಿನ ದಿನಾಂಕ ಮತ್ತು ಸ್ಥಳದ ಮಾಹಿತಿಯೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ, ಮೂಲ ಚಿತ್ರವನ್ನು ಕತ್ತರಿಸದೆ, ಬೆಳಕು ತಿದ್ದದೆ ಫೋನಿನಲ್ಲೇ ಉಳಿಸಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯೊಡನೆ ಪ್ರಮಾಣಪತ್ರವೊಂದನ್ನು ನ್ಯಾಯಾಲಯಕ್ಕೆ ಕೊಡಬೇಕಾಗುತ್ತದೆ, ಮೂಲ ಕಡತ ಅಳಿದಿದ್ದರೆ ಆ ಕೆಲಸ ಕಷ್ಟ.

ಉರುಳು ಕಂಡಾಗ ನಾನು ಮಾಡಿದಂತೆ ಕೀಳಬೇಡಿ. ಆದರೆ ಅಷ್ಟರಲ್ಲಿ ಪ್ರಾಣಿ ಬಿದ್ದರೆ? ಇದು ಧರ್ಮಸಂಕಟವೇ ಸರಿ. ನಾನು ಈಗ ಅನುಸರಿಸುವ ಕ್ರಮವೆಂದರೆ ಮೊದಲು ಗಾರ್ಡಿಗೆ ಕರೆ ಮಾಡುವುದು, ಅವರು ಬೇಗ ಬರಲಾಗದಿದ್ದರೆ ಎಲ್ಲ ಕೋನಗಳಿಂದ ಫೋಟೋ ತೆಗೆದು, ಅವರನ್ನೇ ಕೇಳಿ, ಅವರು ಒಪ್ಪಿದರೆ ಕುಣಿಕೆಯನ್ನು ಮಾತ್ರ ಸಡಿಲಿಸಿ, ಬುಡದ ಗಂಟನ್ನು ಮುಟ್ಟದೆ ಬಿಡುವುದು. ಗಂಟು ಹಾಕುವ ರೀತಿ, ಕೇಬಲ್ ಕತ್ತರಿಸಿದ ತುದಿ, ಕೆಳಗಿನ ಹೆಜ್ಜೆಗುರುತು ಇವೆಲ್ಲ ತನಿಖೆಗೆ ಬೇಕಾದವು. ಪ್ರಾಣಿ ಆಗಲೇ ಸಿಕ್ಕಿಬಿದ್ದಿದ್ದರೆ ಹತ್ತಿರ ಹೋಗದೆ, ಜನ ಸೇರಲು ಬಿಡದೆ ಕಾಯಬೇಕು. ಸೊಂಟಕ್ಕೆ ಉರುಳು ಬಿಗಿದ ಚಿರತೆ ಒಂದು ಎಳೆತದಲ್ಲಿ ಬಿಡಿಸಿಕೊಂಡರೆ ಸುತ್ತ ನಿಂತವರ ಗತಿ ಕೇಳಬೇಡಿ.

ಸತ್ತ ದನದ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. 2025ರ ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತದ್ದು ವಿಷ ಬೆರೆಸಿದ ಹಸುವಿನ ಕಳೇಬರದಿಂದ. ಹುಲಿ ಹಿಡಿದ ದನದ ಮೇಲೆ ಪುಡಿಯೋ ಹರಳೋ ಕಂಡರೆ, ಹತ್ತಿರ ನಾಯಿ, ಕಾಗೆ ಸತ್ತು ಬಿದ್ದಿದ್ದರೆ, ಒಂದು ಗಂಟೆಯೂ ತಡಮಾಡದೆ ತಿಳಿಸಿ. ಮುಟ್ಟಬೇಡಿ, ಮೂಸಬೇಡಿ, ಜಾನುವಾರುಗಳನ್ನು ದೂರವಿಡಿ. ಹಾಗೆಯೇ ದನ ಕಳೆದುಕೊಂಡ ರೈತನಿಗೆ ಪರಿಹಾರದ ಅರ್ಜಿ ಹಾಕಲು ಆ ದಿನವೇ ನೆರವಾಗಿ. ವಿಷವಿಡುವ ಕೈಯನ್ನು ತಡೆಯಲು ಆ ಅರ್ಜಿ ಎಷ್ಟೋ ಸಲ ದೂರಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

ನೀರಿನ ದಾರಿ ಬೇರೆ

ಮೀನಿನ ವಿಷಯದಲ್ಲಿ ಜನ ಎಡವುವುದು ಇಲಾಖೆಯ ಆಯ್ಕೆಯಲ್ಲಿ. ಕೆರೆ, ಹೊಳೆ, ಜಲಾಶಯಗಳ ಸಾಮಾನ್ಯ ಉಲ್ಲಂಘನೆಗಳಿಗೆ ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರ ತಾಲ್ಲೂಕು ಕಚೇರಿ; ಆದರೆ ಕಬಿನಿ ಹಿನ್ನೀರಿನ ನಾಗರಹೊಳೆ ಭಾಗ, ಭದ್ರಾ ಅಭಯಾರಣ್ಯದ ನೀರಿನಂತೆ ಸಂರಕ್ಷಿತ ಪ್ರದೇಶದೊಳಗಿದ್ದರೆ ಅರಣ್ಯ ಇಲಾಖೆ; ತೋಟೆ (ಸಿಡಿಮದ್ದು) ಸಿಡಿಸಿದ್ದರೆ ಪೊಲೀಸರು. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಉದ್ದವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿ ತೋಟೆ ಎಸೆದರೆ ಅದು ಮೀನಿನ ವಿಚಾರವಷ್ಟೇ ಆಗಿ ಉಳಿಯುವುದಿಲ್ಲ.

ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನೂ ನೀರಿಗೆ ವಿಷ ಬೆರೆಸುವುದನ್ನೂ 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಹೇಳಿತ್ತು. ಬೇಸಿಗೆಯಲ್ಲಿ ಹೊಳೆ ಗುಂಡಿಗಳಾಗಿ ನಿಂತಾಗ ಮೈಲುತುತ್ತು, ಬ್ಲೀಚಿಂಗ್ ಪುಡಿ, ಕೀಟನಾಶಕ ಸುರಿಯುವವರಿದ್ದಾರೆ. ಬೆಳಿಗ್ಗೆ ಗುಂಡಿಯಲ್ಲಿ ದೊಡ್ಡ ಮೀನಿನ ಜೊತೆ ಬೆರಳುದ್ದದ ಮರಿಗಳು, ಏಡಿ, ಕಪ್ಪೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ ವಿಷದ ಅನುಮಾನ ಗಟ್ಟಿಯಾಗುತ್ತದೆ. ಅದೇ ನೀರು ಕೆಳಗಿನ ಊರಿನ ಕುಡಿಯುವ ನೀರಾಗಿರಬಹುದಾದ್ದರಿಂದ ಪಂಚಾಯಿತಿಗೂ ತಕ್ಷಣ ತಿಳಿಸಬೇಕು, ಆ ಮೀನನ್ನು ಯಾರೂ ಆರಿಸಿಕೊಂಡು ಹೋಗದಂತೆ ಹೇಳಬೇಕು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವರ ಮೀನುಗಳಿಗೇ 1996ರಲ್ಲಿ ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದರು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವೂ ಇದೆ. ಮುಂಗಾರಿನ ಮೊದಲ ಮಳೆಗೆ ಮಲೆನಾಡಿನಲ್ಲಿ ಮೊಟ್ಟೆ ತುಂಬಿದ ಮೀನುಗಳು ಗದ್ದೆಯ ಹಳ್ಳಗಳಿಗೆ ಏರುವಾಗ ನಡೆಯುವ 'ಹತ್ತು ಮೀನಿ'ನ ಬೇಟೆಯ ಬಗ್ಗೆ ದೂರುವುದಕ್ಕಿಂತ ಮುಂಚೆ ಮಾತಾಡುವುದು ಒಳ್ಳೆಯದೆಂದು ನನಗನಿಸುತ್ತದೆ. ಊರಿಗೆ ಊರೇ ಕತ್ತಿ ಹಿಡಿದು ಇಳಿಯುವಲ್ಲಿ ಒಂದು ಕರೆಯಿಂದ ಆಗುವುದು ಅಷ್ಟರಲ್ಲೇ ಇದೆ.

ಕೆರೆಯ ಗುತ್ತಿಗೆದಾರರಿಗೂ ಊರವರಿಗೂ ನಡುವಿನ ಜಗಳವನ್ನು ಸಂರಕ್ಷಣೆಯ ದೂರಾಗಿ ಬರೆಯಬೇಡಿ. ಅದು ಬೇರೆ ವ್ಯಾಜ್ಯ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೂ 10 ಅಶ್ವಶಕ್ತಿ ಮೀರಿದ ಮೋಟಾರು ದೋಣಿಗಳಿಗೂ ನಿಷೇಧವಿದೆ. ನಾಡದೋಣಿಯವರನ್ನು ಕಂಡು ಗಾಬರಿಯಾಗಬೇಕಿಲ್ಲ. ಎಲ್‌ಇಡಿ ದೀಪ ಬಳಸುವ ಮೀನುಗಾರಿಕೆಯೂ ಎರಡು ದೋಣಿಗಳು ಸೇರಿ ಬಲೆ ಎಳೆಯುವ ಬುಲ್ ಟ್ರಾಲಿಂಗೂ ವರ್ಷವಿಡೀ ನಿಷಿದ್ಧ. ದೂರಿಗೆ ಬೇಕಾದದ್ದು ದೋಣಿಯ ಬದಿಯಲ್ಲಿ 'ಐಎನ್‌ಡಿ–ಕೆಎ' ಎಂದು ಆರಂಭವಾಗುವ ನೋಂದಣಿ ಸಂಖ್ಯೆ, ದೋಣಿಯ ಬಣ್ಣ, ದಡದಿಂದ ಅಂದಾಜು ದೂರ, ಸಮಯ. ಜಿಲ್ಲೆಯ ಮೀನುಗಾರಿಕೆ ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ಒಟ್ಟಿಗೆ ತಿಳಿಸಿ.

ಪರದೆಯ ಮೇಲಿನ ಬೇಟೆ

ಹೊಡೆದ ಹಂದಿಯ ಪಕ್ಕ ಕೋವಿ ಹಿಡಿದು ನಿಂತ ರೀಲ್ಸ್, ಮಾರಾಟಕ್ಕಿರುವ ಗಿಳಿ ಮರಿ, ಆಮೆ ಇವೆಲ್ಲ ಈಗ ಮೊಬೈಲಿಗೇ ಬರುತ್ತವೆ. 2023ರ ಅಕ್ಟೋಬರಿನಲ್ಲಿ ಕನ್ನಡದ ರಿಯಾಲಿಟಿ ಷೋ ಒಂದರ ಸ್ಪರ್ಧಿ ಹುಲಿ ಉಗುರಿನ ಲಾಕೆಟ್ ಧರಿಸಿದ್ದಕ್ಕೆ ಬಂಧನಕ್ಕೊಳಗಾದದ್ದು ನೆನಪಿರಬಹುದು. ಇಂಥ ಪೋಸ್ಟ್ ಕಂಡರೆ ಕೆಳಗೆ ಬೈಗುಳ ಬರೆಯಬೇಡಿ, ಹಂಚಬೇಡಿ. ಎರಡೇ ನಿಮಿಷದಲ್ಲಿ ಅದು ಅಳಿದುಹೋಗುತ್ತದೆ. ಪೋಸ್ಟಿನ ಕೊಂಡಿ, ಖಾತೆಯ ಕೊಂಡಿ, ದಿನಾಂಕ ಕಾಣುವ ಸ್ಕ್ರೀನ್‌ಶಾಟ್, ಪರದೆಯ ರೆಕಾರ್ಡಿಂಗ್ ಇವನ್ನು ಒಟ್ಟು ಮಾಡಿ ಸದ್ದಿಲ್ಲದೆ ಕಳುಹಿಸಿ. ಕೊಳ್ಳುವವರಂತೆ ನಟಿಸಿ ಮಾರಾಟಗಾರರನ್ನು ಕರೆಸಿಕೊಳ್ಳುವ ಸಾಹಸವನ್ನು ಅಧಿಕಾರಿಗಳಿಗೇ ಬಿಡಿ.

ನಿಮ್ಮ ಹೆಸರು ಎಲ್ಲಿ ಬರುತ್ತದೆ

ಹಳ್ಳಿಯಲ್ಲಿ ಎಲ್ಲರಿಗೂ ಇರುವ ಭಯ ಇದೊಂದೇ. ಇಲ್ಲಿ ಮೂರು ಪಾತ್ರಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು. ಮಾಹಿತಿದಾರ ಎಂದರೆ ಸುಳಿವು ಕೊಟ್ಟವರು. "ಖಚಿತ ಮಾಹಿತಿ ಮೇರೆಗೆ" ಎಂಬ ಮಾತಿನ ಹಿಂದೆ ಅವರು ಮರೆಯಾಗಿರಬಹುದು. ದೂರುದಾರರು ಎಂದರೆ ಸಹಿ ಹಾಕಿ ಬರೆದುಕೊಟ್ಟವರು. ಸಾಕ್ಷಿ ಅಥವಾ ಮಹಜರಿನ ಪಂಚ ಎಂದರೆ ನಾಳೆ ಕಟಕಟೆಗೆ ಬರಬೇಕಾದವರು. ಮೊದಲ ಕರೆಯಲ್ಲೇ "ಮಾಹಿತಿ ಮಾತ್ರ ಕೊಡುತ್ತಿದ್ದೇನೆ, ನನ್ನ ಹೆಸರು ಕಾಗದದಲ್ಲಿ ಬೇಡ" ಎಂದು ಬಿಡಿಸಿ ಹೇಳಿ, ಜೀಪು ನಿಮ್ಮ ಮನೆ ಮುಂದೆ ಬಂದು ನಿಲ್ಲದಂತೆಯೂ ಕೇಳಿಕೊಳ್ಳಿ. ಹೋಟೆಲಿನಲ್ಲಿ ಚಹಾ ಕುಡಿಯುತ್ತ "ನಾನೇ ಹೇಳಿದ್ದು" ಎಂದು ಬೀಗುವವರನ್ನು ಮಾತ್ರ ಯಾವ ಇಲಾಖೆಯೂ ಕಾಪಾಡಲಾರದು. ಜಮೀನಿನ ಹಗೆ ತೀರಿಸಿಕೊಳ್ಳಲು ಸುಳ್ಳು ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಡಿ ಶಿಕ್ಷೆಯಿದೆ.

ಬಹುಮಾನವೂ ಉಂಟು. ಅಪರಾಧ ಪತ್ತೆಗೆ ನೆರವಾದವರಿಗೆ ದಂಡದ ಮೊತ್ತದ ಅರ್ಧದವರೆಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ. ಮುಖ್ಯ ವನ್ಯಜೀವಿ ಪರಿಪಾಲಕರ ಮೂಲಕ 10,000 ರೂಪಾಯಿಯವರೆಗೆ ಕೊಡಲೂ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನೇ ನಂಬಿ ಕೂರಬೇಡಿ.

ಕರೆಗೆ ಉತ್ತರ ಬಾರದಿದ್ದರೆ

ಎರಡು ದಿನ ಕಳೆದರೂ ಯಾರೂ ಸ್ಥಳಕ್ಕೆ ಬಾರದಿದ್ದರೆ ವಲಯ ಅರಣ್ಯಾಧಿಕಾರಿಗೆ ಲಿಖಿತ ದೂರು ಬರೆಯಿರಿ. ಘಟನೆಯ ದಿನ, ಸಮಯ, ಸ್ಥಳ, ಸರ್ವೆ ನಂಬರು ಗೊತ್ತಿದ್ದರೆ ಅದು, ಕಂಡದ್ದು, ಯಾರಿಗೆ ಯಾವಾಗ ಕರೆ ಮಾಡಿದ್ದು. ಒಂದು ಪುಟ ಸಾಕು. ದೂರಿನ ಒಂದು ಪ್ರತಿಯನ್ನು ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಕಳುಹಿಸಿ, ಕೈಯಾರೆ ಕೊಟ್ಟರೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಕೆಳಗಿನ ಸಿಬ್ಬಂದಿಯ ಮೇಲೆಯೇ ಅನುಮಾನವಿದ್ದರೆ ನೇರವಾಗಿ ವಿಭಾಗಕ್ಕೆ, ಅಥವಾ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ ಬರೆಯಬಹುದು. ಪ್ರಕರಣ ದಾಖಲಾಗಿದ್ದರೆ ಅದರ ಸಂಖ್ಯೆ ಕೇಳಿ ಪಡೆಯಿರಿ. ಹೇಳದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು. ತನಿಖೆಗೆ ಅಡ್ಡಿಯಾಗುವ ವಿವರಗಳನ್ನು ಮಾತ್ರ ಅವರು ತಡೆಹಿಡಿಯಬಹುದು.

ಇಷ್ಟಾದರೂ ಏನೂ ಆಗದಿದ್ದರೆ ವನ್ಯಜೀವಿ ಕಾಯ್ದೆಯ 55ನೇ ಕಲಮು ಒಂದು ಬಾಗಿಲನ್ನು ತೆರೆದಿಟ್ಟಿದೆ. ಅಪರಾಧದ ವಿವರವನ್ನೂ ನ್ಯಾಯಾಲಯಕ್ಕೆ ಹೋಗುವ ಉದ್ದೇಶವನ್ನೂ ತಿಳಿಸಿ ಸರ್ಕಾರಕ್ಕೆ ಅಥವಾ ಅಧಿಕಾರ ಪಡೆದ ಅಧಿಕಾರಿಗೆ ಕನಿಷ್ಠ 60 ದಿನಗಳ ನೋಟಿಸ್ ಕೊಟ್ಟರೆ, ಆಮೇಲೆ ಯಾವುದೇ ವ್ಯಕ್ತಿ ಸ್ವತಃ ಮ್ಯಾಜಿಸ್ಟ್ರೇಟರ ಮುಂದೆ ದೂರು ಹೂಡಬಹುದು. ಇದಕ್ಕೆ ವಕೀಲರ ಸಲಹೆ ಬೇಕು, ತಾಳ್ಮೆಯೂ ಬೇಕು.

ಪ್ರಕರಣ ನ್ಯಾಯಾಲಯ ಮುಟ್ಟಿ ನಿಮಗೆ ಸಾಕ್ಷಿಯಾಗಿ ಸಮನ್ಸ್ ಬರುವಾಗ ವರ್ಷಗಳೇ ಕಳೆದಿರುತ್ತವೆ. ಆಗ "ಅಂದು ಚಂದ್ರನ ಬೆಳಕಿತ್ತೇ, ಎಷ್ಟು ಮಾರು ದೂರದಲ್ಲಿ ನಿಂತಿದ್ದಿರಿ?" ಎಂದು ಪಾಟೀಸವಾಲಿನಲ್ಲಿ ಕೇಳುತ್ತಾರೆ. ಘಟನೆಯ ಸಮಯದಲ್ಲೇ ತಾನು ಬರೆದಿಟ್ಟ ಟಿಪ್ಪಣಿಯನ್ನು ನೋಡಿ ನೆನಪು ತಾಜಾ ಮಾಡಿಕೊಳ್ಳಲು ಸಾಕ್ಷಿಗೆ ಕಾನೂನು ಅವಕಾಶ ಕೊಡುತ್ತದೆ. ಆದ್ದರಿಂದ ಆ ರಾತ್ರಿ ಕರೆ ಮುಗಿಸಿದ ಮೇಲೆ, ಮಲಗುವ ಮುನ್ನ, ದಿನಾಂಕ ಹಾಕಿ ಅರ್ಧ ಪುಟ ಬರೆದು ಸಹಿ ಮಾಡಿ. ಪುಸ್ತಕವನ್ನು ಜಮೀನಿನ ಪಹಣಿಯ ಜೊತೆ ಇಡಿ, ಅಲ್ಲಾದರೆ ಅದು ಕಳೆಯುವುದಿಲ್ಲ.